ರಸ್ತೆಯ ಎರಡು ಬದಿ: ಗಲ್ಲಾ ದ್ವೀಪವೊಂದರಲ್ಲಿ ನಡಿಗೆ

ರಸ್ತೆಯ ಒಂದು ಬದಿಗೆ ಇಟ್ಟಿಗೆಯ ಚರ್ಚು. ಇನ್ನೊಂದು ಬದಿಗೆ, ಓಕ್ ಮರಗಳ ನೆರಳಿನಲ್ಲಿ, ಹಳೆಯ ಶಾಲೆಯೊಂದರ ಕಟ್ಟಡಗಳು. ನಡುವೆ ಹಾದುಹೋಗುವ ಡಾಂಬರು ರಸ್ತೆಗೆ ಈಗ ಮಾರ್ಟಿನ್ ಲೂಥರ್ ಕಿಂಗ್ ಹೆಸರು. ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಕರಾವಳಿಯಲ್ಲಿರುವ ಸೇಂಟ್ ಹೆಲೆನಾ ದ್ವೀಪದಲ್ಲಿ ಗಲ್ಲಾ ಜನರ ಚರಿತ್ರೆಯನ್ನು ನಡೆದು ನೋಡಲು ಬರುವವರಿಗೆ ಇದಕ್ಕಿಂತ ಒಳ್ಳೆಯ ಆರಂಭದ ಜಾಗ ಇಲ್ಲ. (ನೆಪೋಲಿಯನ್ ಸತ್ತ ಸೇಂಟ್ ಹೆಲೆನಾ ಬೇರೆ, ಅದು ಅಟ್ಲಾಂಟಿಕ್ ಸಾಗರದ ನಡುವೆ ಇದೆ.) ಚರ್ಚಿನಿಂದ ಶಾಲೆಗೆ ರಸ್ತೆ ದಾಟಲು ಒಂದು ನಿಮಿಷ ಸಾಕು. ಈ ಎರಡು ಕಟ್ಟಡಗಳ ನಡುವಿನ ಅಂತರ ಅರ್ಥವಾಗಬೇಕಾದರೆ ಮಾತ್ರ ಒಬ್ಬ ಮಾರ್ಗದರ್ಶಿ ಬೇಕು.

ಗಲ್ಲಾ ಎಂದರೆ ನಮ್ಮ ಗಲ್ಲಾಪೆಟ್ಟಿಗೆಯ ಗಲ್ಲಾ ಅಲ್ಲ. ಉತ್ತರ ಕೆರೊಲಿನಾದ ದಕ್ಷಿಣ ತುದಿಯಿಂದ ಫ್ಲಾರಿಡಾದ ಉತ್ತರ ಭಾಗದವರೆಗೆ ಕರಾವಳಿಗುಂಟ ನೂರಾರು ಸಣ್ಣ ದೊಡ್ಡ ದ್ವೀಪಗಳಿವೆ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದಿಂದ ಹಡಗುಗಳಲ್ಲಿ ತುಂಬಿ ತಂದು ಇಲ್ಲಿ ಗುಲಾಮರಾಗಿ ದುಡಿಸಿದ ಜನರ ವಂಶಜರೇ ಗಲ್ಲಾಗಳು; ಜಾರ್ಜಿಯಾದ ಕಡೆ ಅವರನ್ನು ಗೀಚಿ ಎನ್ನುತ್ತಾರೆ. ಗಲ್ಲಾ ಎಂಬ ಹೆಸರು ಅಂಗೋಲಾದಿಂದ ಬಂತೆಂದು ಕೆಲವರು, ಲೈಬೀರಿಯಾ-ಸಿಯೆರಾ ಲಿಯೋನ್ ಗಡಿಯ ಗೋಲಾ ಎಂಬ ಜನಾಂಗದಿಂದ ಬಂತೆಂದು ಕೆಲವರು ಹೇಳುತ್ತಾರೆ. ಉಪ್ಪು ನೀರು ಏರಿಳಿಯುವ ನದೀಮುಖಗಳಲ್ಲಿ ಭತ್ತ ಬೆಳೆಯುವ ವಿದ್ಯೆ ಪಶ್ಚಿಮ ಆಫ್ರಿಕಾದವರ ಕೈಯಲ್ಲಿತ್ತು. ಅದು ಗೊತ್ತಿದ್ದೇ ಕೆರೊಲಿನಾದ ಜಮೀನ್ದಾರರು ಆ ಕಡೆಯ ಜನರಿಗೆ ಹೆಚ್ಚು ಬೆಲೆ ಕೊಡುತ್ತಿದ್ದರು. ಜೌಗು ನೆಲದಲ್ಲಿ ಮಲೇರಿಯಾ ಹೆಚ್ಚು. ಬೇಸಿಗೆ ಬಂದರೆ ಬಿಳಿಯ ಮಾಲೀಕರ ಕುಟುಂಬಗಳು ತೋಟ ಬಿಟ್ಟು ಪಟ್ಟಣ ಸೇರುತ್ತಿದ್ದವು. ಹೀಗಾಗಿ ದ್ವೀಪಗಳಲ್ಲಿ ಕಪ್ಪು ಜನರದೇ ದೊಡ್ಡ ಬಹುಮತ. ಬೇರೆಲ್ಲೂ ಉಳಿಯದ ಮಾತು, ಅಡುಗೆ, ಬುಟ್ಟಿ ಹೆಣೆಯುವ ಬಗೆ, ಸಾವಿನ ಪದ್ಧತಿಗಳು ಇಲ್ಲಿ ಉಳಿದದ್ದಕ್ಕೆ ಸೊಳ್ಳೆಗೂ ಒಂದು ಪಾಲು ಸಲ್ಲಬೇಕು.

ಸೇಂಟ್ ಹೆಲೆನಾದಲ್ಲಿ ಮಾತ್ರ ಮುಖ್ಯ ಬೆಳೆ ಭತ್ತವಲ್ಲ, ಹತ್ತಿ. ಉದ್ದನೆಯ ರೇಷ್ಮೆಯಂಥ ಎಳೆಯ 'ಸೀ ಐಲೆಂಡ್' ಹತ್ತಿಗೆ ಯುರೋಪಿನ ಕಸೂತಿ ಮತ್ತು ನವಿರು ಬಟ್ಟೆಗಳ ಮಾರುಕಟ್ಟೆಯಲ್ಲಿ ಭಾರೀ ಬೆಲೆ ಇತ್ತು. ಆ ಹಣದಿಂದಲೇ 1855ರಲ್ಲಿ ಇಟ್ಟಿಗೆಯ ಚರ್ಚು ಎದ್ದಿತು. ಕಟ್ಟಿದವರು ಗುಲಾಮರು, ಕೂತು ಪ್ರಾರ್ಥಿಸಿದವರು ಬ್ಯಾಪ್ಟಿಸ್ಟ್ ಜಮೀನ್ದಾರರು. ಕಟ್ಟಿದವರಿಗೆ ಮೇಲಿನ ಬಾಲ್ಕನಿ. ಆ ಬಾಲ್ಕನಿ ಇಂದಿಗೂ ಇದೆ.

1861ರ ನವೆಂಬರ್ 7ರಂದು ಉತ್ತರದ ಸರ್ಕಾರದ ನೌಕಾಪಡೆ ಪಕ್ಕದ ಪೋರ್ಟ್ ರಾಯಲ್ ಕೊಲ್ಲಿಗೆ ನುಗ್ಗಿತು. ದೊಡ್ಡ ಫಿರಂಗಿಗಳು ಗುಡುಗಿದ ದಿನ ಎಂದೇ ದ್ವೀಪದವರು ಅದನ್ನು ಬಹುಕಾಲ ನೆನೆಯುತ್ತಿದ್ದರು. ಕೆಲವೇ ಗಂಟೆಗಳಲ್ಲಿ ಬಿಳಿಯ ಜಮೀನ್ದಾರರು ಸಿಕ್ಕಿದ್ದನ್ನು ಹೊತ್ತು ಒಳನಾಡಿಗೆ ಓಡಿಹೋದರು. ಸುತ್ತಲಿನ ದ್ವೀಪಗಳಲ್ಲಿ ಹಿಂದೆ ಉಳಿದವರು ಸುಮಾರು 10,000 ಗುಲಾಮರು. ಅವರಿನ್ನೂ ಕಾನೂನಿನ ಪ್ರಕಾರ ಸ್ವತಂತ್ರರಲ್ಲ, ಆದರೆ ಯಜಮಾನರೂ ಇಲ್ಲ. ಲಿಂಕನ್ನನ ವಿಮೋಚನಾ ಘೋಷಣೆ ಜಾರಿಗೆ ಬರಲು ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬಾಕಿ ಇತ್ತು. ಆ ಭಾನುವಾರಗಳಲ್ಲಿ ಬಾಲ್ಕನಿಯಿಂದ ಕೆಳಗಿಳಿದು ಚರ್ಚಿನ ಮುಂದಿನ ಬೆಂಚುಗಳಲ್ಲಿ ಕೂತವರಿಗೆ ಏನನಿಸಿರಬಹುದು ಎಂದು ಬರೆದಿಟ್ಟ ಕಾಗದ ಇಲ್ಲ. ಪತ್ರಾಗಾರದಲ್ಲಿ ಕೂತು ಓದುವ ನಮ್ಮಂಥವರಿಗೆ ಇದೇ ದೊಡ್ಡ ತೊಡಕು: ಇವರ ಬಗ್ಗೆ ಹಳೆಯ ಕಾಗದ ಎಂದರೆ ಹೆಚ್ಚಾಗಿ ಯಜಮಾನರ ಲೆಕ್ಕದ ಪುಸ್ತಕ. ಅದರಲ್ಲಿ ಒಬ್ಬ ಮನುಷ್ಯ ಎಂದರೆ ಒಂದು ಹೆಸರು, ಒಂದು ವಯಸ್ಸು, ಒಂದು ಬೆಲೆ.

ಇಲ್ಲೊಂದು ಅಡ್ಡಮಾತು. ಆ ಯುದ್ಧದ ಬಿಸಿ ನಮ್ಮ ಕಡೆಗೂ ತಟ್ಟಿತ್ತು. ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದು ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ನಿಂತಾಗ ಧಾರವಾಡದ ಹತ್ತಿಗೆ ಬಂಗಾರದ ಬೆಲೆ ಬಂತು. 1840ರ ದಶಕದಲ್ಲೇ ನ್ಯೂ ಆರ್ಲಿಯನ್ಸ್ ಕಡೆಯ ಬೀಜ ತಂದು ಅಲ್ಲಿ ಬಿತ್ತಿದ್ದರು. 'ಧಾರವಾಡ-ಅಮೆರಿಕನ್' ಎಂದೇ ಅದರ ಹೆಸರು. ಆ ಹತ್ತಿ ಕಾರವಾರದ ಬಂದರಿನಿಂದ ಸಾಗಲಿ ಎಂಬ ಲೆಕ್ಕಾಚಾರದ ನಡುವೆಯೇ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ವರ್ಗಾಯಿಸಿದ್ದು. ಅದು ಸೇಂಟ್ ಹೆಲೆನಾದ ಹತ್ತಿಯ ತಳಿಯಲ್ಲ, ಮೋಟು ಎಳೆಯದು. ಆದರೂ ಕರ್ನಾಟಕದ ನಕ್ಷೆಯ ಒಂದು ಗೆರೆ ಸರಿದದ್ದರಲ್ಲಿ ಈ ದೂರದ ಯುದ್ಧದ ಕೈವಾಡವಿದೆ ಎನ್ನುವುದು ನೆನಪಿರಲಿ.

ಈಗ ರಸ್ತೆ ದಾಟೋಣ. 1862ರ ಜೂನ್‌ನಲ್ಲಿ ಫಿಲಡೆಲ್ಫಿಯಾದಿಂದ ಬಂದಿದ್ದ ಲಾರಾ ಟೌನ್ 'ಓಕ್ಸ್' ಎಂಬ ತೋಟದ ಮನೆಯ ಹಿಂದಿನ ಕೋಣೆಯಲ್ಲಿ ಒಂಬತ್ತು ಮಂದಿಗೆ ಅಕ್ಷರ ಕಲಿಸಲು ಶುರುಮಾಡಿದಳು. ಗೆಳತಿ ಎಲೆನ್ ಮರ್ರಿ ಜೊತೆಗೂಡಿದಳು. ಅದೇ ವರ್ಷದ ಕೊನೆಗೆ ಫಿಲಡೆಲ್ಫಿಯಾದ ಸ್ವತಂತ್ರ ಕಪ್ಪು ಕುಟುಂಬದ ಶಾರ್ಲೆಟ್ ಫೋರ್ಟನ್ ಬಂದಳು. ಈ ದ್ವೀಪದ ಬದುಕಿನ ಬಗ್ಗೆ ಅವಳು ಬರೆದ ಲೇಖನ 1864ರಲ್ಲಿ 'ಅಟ್ಲಾಂಟಿಕ್ ಮಂತ್ಲಿ'ಯಲ್ಲಿ ಪ್ರಕಟವಾಯಿತು. ತೋಟದ ಮನೆ ಸಾಲದಾದಾಗ ತರಗತಿಗಳು ಇಟ್ಟಿಗೆಯ ಚರ್ಚಿಗೆ ಬಂದವು. ಮೊನ್ನೆಯವರೆಗೆ ಅಕ್ಷರ ಕಲಿತರೆ ಶಿಕ್ಷೆ ಎಂದಿದ್ದ ನಾಡಿನಲ್ಲಿ ಯಜಮಾನರ ಚರ್ಚೇ ಶಾಲೆಯಾಯಿತು. ಆಮೇಲೆ ಫಿಲಡೆಲ್ಫಿಯಾದಿಂದ ಮರದ ಶಾಲಾ ಕಟ್ಟಡವೊಂದನ್ನು ಬಿಡಿ ಭಾಗಗಳಲ್ಲಿ ಹಡಗಿನಲ್ಲಿ ಕಳಿಸಿದರು. ಅದನ್ನು ನಿಲ್ಲಿಸಿದ್ದು ಚರ್ಚಿನ ಎದುರಿಗೆ. ಪೆನ್ ಶಾಲೆ ಎಂದು ಹೆಸರಾದದ್ದು ಅದೇ.

ಇಲ್ಲಿ ಹಲವರು ಗಮನಿಸದೆ ದಾಟುವ ಒಂದು ವಿವರವಿದೆ. ಶಾಲೆ ನಿಂತ ನೆಲ ಉತ್ತರದ ದಾನಿಗಳದ್ದಲ್ಲ, ಸರ್ಕಾರದ್ದೂ ಅಲ್ಲ. ಹೇಸ್ಟಿಂಗ್ಸ್ ಗ್ಯಾಂಟ್ ಎಂಬ, ಸ್ವತಃ ಗುಲಾಮಗಿರಿಯಿಂದ ಬಿಡುಗಡೆಯಾದ ವ್ಯಕ್ತಿಯದ್ದು. ಆತ ಮುಂದೆ ರಾಜ್ಯದ ಶಾಸನಸಭೆಗೂ ಹೋದ. ಕೆಲವೇ ವರ್ಷಗಳ ಹಿಂದೆ ಸ್ವತಃ ಇನ್ನೊಬ್ಬರ ಆಸ್ತಿಯಾಗಿದ್ದ ಮನುಷ್ಯನ ಹತ್ತಿರ ಶಾಲೆಗೆ ಬಿಟ್ಟುಕೊಡುವಷ್ಟು ನೆಲ ಹೇಗೆ ಬಂತು? ಈ ಪ್ರಶ್ನೆ ಕೇಳದಿದ್ದರೆ ನಡಿಗೆ ಬರೀ ಹಳೆಯ ಕಟ್ಟಡಗಳ ದರ್ಶನವಾಗುತ್ತದೆ.

ಉತ್ತರ ಒಂದು ಒಣ ತೆರಿಗೆ ಕಾನೂನಿನಲ್ಲಿದೆ. ಯುದ್ಧದ ಖರ್ಚಿಗೆಂದು ಕಾಂಗ್ರೆಸ್ 1861ರಲ್ಲಿ ಎಲ್ಲ ರಾಜ್ಯಗಳ ಮೇಲೂ ನೇರ ತೆರಿಗೆ ಹಾಕಿತು. ದಂಗೆಯೆದ್ದ ಪ್ರದೇಶಗಳಲ್ಲಿ ಅದನ್ನು ವಸೂಲಿ ಮಾಡಲು 1862ರ ಜೂನ್‌ನಲ್ಲಿ ಇನ್ನೊಂದು ಕಾನೂನು: ಜಮೀನಿನ ಮೇಲಿನ ತೆರಿಗೆ ಕಟ್ಟದಿದ್ದರೆ ಜಮೀನು ಹರಾಜು. ಓಡಿಹೋದ ಯಜಮಾನರು ಶತ್ರು ಸರ್ಕಾರಕ್ಕೆ ತೆರಿಗೆ ಕಟ್ಟಲು ಬರುವವರಲ್ಲ. 1863ರ ಮಾರ್ಚ್‌ನಲ್ಲಿ ಹರಾಜು ನಡೆಯಿತು. ಬಹುಪಾಲು ನೆಲ ಸರ್ಕಾರಕ್ಕೇ ಹೋಯಿತು. ಬಾಸ್ಟನ್ನಿನ ಎಡ್ವರ್ಡ್ ಫಿಲ್‌ಬ್ರಿಕ್ ಹೂಡಿಕೆದಾರರ ಪರವಾಗಿ ಹನ್ನೊಂದು ತೋಟಗಳನ್ನು ಕೊಂಡು, ಬಿಡುಗಡೆಯಾದವರನ್ನೇ ಕೂಲಿಗಿಟ್ಟು ಹತ್ತಿ ಬೆಳೆಸಿದ. ಗುಲಾಮಗಿರಿಯ ವಿರೋಧಿಯಾಗಿದ್ದ ಆತನಿಗೂ ಹತ್ತಿಯೇ ಬೇಕಿತ್ತು. ಇವರಿಗೆ ಬೇಕಿದ್ದದ್ದು ಜೋಳ, ಗೆಣಸು, ಸ್ವಂತದ್ದೊಂದು ತುಂಡು ಭೂಮಿ. ಕೆಲವರು ಕೂಡಿಟ್ಟ ಹಣ ಸೇರಿಸಿ ಜಂಟಿಯಾಗಿ ಕೊಂಡರು. ಮುಂದಿನ ಮಾರಾಟಗಳಲ್ಲಿ ಹತ್ತು ಎಕರೆಯಂಥ ಸಣ್ಣ ತುಂಡುಗಳು ಕುಟುಂಬಗಳಿಗೆ ಸಿಕ್ಕವು.

ಯುದ್ಧಾನಂತರ ಕಪ್ಪು ಜನರಿಗೆ ನೆಲ ಸಿಗುತ್ತದೆ ಎಂದು ಬೇರೆ ಕಡೆಯೂ ಮಾತು ಕೊಡಲಾಗಿತ್ತು. ಜನರಲ್ ಶರ್ಮನ್ 1865ರ ಜನವರಿಯಲ್ಲಿ ಹೊರಡಿಸಿದ ಆದೇಶ ಈ ಕರಾವಳಿಯ ದ್ವೀಪಗಳಲ್ಲಿ ಕುಟುಂಬಕ್ಕೆ 40 ಎಕರೆಯವರೆಗೆ ಕೊಡುವುದಾಗಿ ಹೇಳಿತ್ತು. ಲಿಂಕನ್ ಕೊಲೆಯಾದ ಮೇಲೆ ಬಂದ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅದೇ ವರ್ಷ ಆ ನೆಲವನ್ನೆಲ್ಲ ಹಳೆಯ ಮಾಲೀಕರಿಗೆ ವಾಪಸು ಕೊಡಿಸಿದ. ಹತ್ತಿರದ ಎಡಿಸ್ಟೊ ದ್ವೀಪದ ಚರ್ಚಿಗೆ ಜನರಲ್ ಹೋವರ್ಡ್ ಅಕ್ಟೋಬರ್‌ನಲ್ಲಿ ಖುದ್ದಾಗಿ ಬಂದು, ಉತ್ತ ನೆಲ ಬಿಟ್ಟುಕೊಡಿ ಎಂದು ಹೇಳಬೇಕಾಯಿತು. ಸೇಂಟ್ ಹೆಲೆನಾದವರ ನೆಲ ಮಾತ್ರ ಬಹುಮಟ್ಟಿಗೆ ಉಳಿಯಿತು. ಕಾರಣ, ಅದು ಸೇನಾಧಿಕಾರಿಯ ಆಶ್ವಾಸನೆಯಿಂದ ಬಂದದ್ದಲ್ಲ, ತೆರಿಗೆ ಹರಾಜಿನ ಕ್ರಯಪತ್ರದಿಂದ ಬಂದದ್ದು. ನದಿಯಾಚೆಯ ಬ್ಯೂಫರ್ಟ್ ಪಟ್ಟಣದಲ್ಲಿ ರಾಬರ್ಟ್ ಸ್ಮಾಲ್ಸ್ ತಾನು ಗುಲಾಮನಾಗಿ ಹುಟ್ಟಿದ ಯಜಮಾನನ ಮನೆಯನ್ನೇ ತೆರಿಗೆ ಮಾರಾಟದಲ್ಲಿ ಕೊಂಡಿದ್ದ. 1862ರಲ್ಲಿ ದಕ್ಷಿಣದವರ 'ಪ್ಲಾಂಟರ್' ಎಂಬ ಹಡಗನ್ನೇ ಅಪಹರಿಸಿ ಕುಟುಂಬದ ಸಮೇತ ಪಾರಾಗಿ, ಮುಂದೆ ಕಾಂಗ್ರೆಸ್ ಸದಸ್ಯನಾದವನು ಆತ. ಹಳೆಯ ಮಾಲೀಕರ ಕಡೆಯವರು ಮನೆ ತಮ್ಮದೆಂದು ದಾವೆ ಹೂಡಿದರು. ಡಿ ಟ್ರೆವಿಲ್ ವಿರುದ್ಧ ಸ್ಮಾಲ್ಸ್ ಎಂಬ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಸ್ಮಾಲ್ಸ್ ಪರವಾಗಿ ಬಂತು. ಅವನ ಮನೆಯೊಂದೇ ಅಲ್ಲ, ಸುತ್ತಲಿನ ಎಷ್ಟೋ ಸಣ್ಣ ಹಿಡುವಳಿಗಳ ಹಕ್ಕು ಆ ತೀರ್ಪಿನಿಂದ ಗಟ್ಟಿಯಾಯಿತು.

ಶಾಲೆಯ ಆವರಣದಲ್ಲಿ ಇನ್ನೂ ನೋಡುವುದಿದೆ. 1960ರ ದಶಕದಲ್ಲಿ ಕಪ್ಪು-ಬಿಳಿಯರು ಒಟ್ಟಿಗೆ ಕೂತು ಮಾತಾಡಬಹುದಾದ ಜಾಗಗಳು ಆ ರಾಜ್ಯದಲ್ಲಿ ಬೆರಳೆಣಿಕೆಯಷ್ಟಿದ್ದಾಗ ಮಾರ್ಟಿನ್ ಲೂಥರ್ ಕಿಂಗ್ ಮತ್ತು ಸಂಗಡಿಗರು ಇಲ್ಲಿ ಸೇರುತ್ತಿದ್ದರು. ಕಿಂಗ್ ಉಳಿದುಕೊಳ್ಳುತ್ತಿದ್ದ ಗ್ಯಾಂಟ್ ಕಾಟೇಜನ್ನು ಎಲ್ಲರಿಗೂ ತೋರಿಸುತ್ತಾರೆ. ಶಾಲೆಯಾಗಿ ಪೆನ್ 1948ರಲ್ಲೇ ಮುಚ್ಚಿ, ಸಮುದಾಯ ಕೇಂದ್ರವಾಗಿ ಮುಂದುವರಿದಿತ್ತು. ಇದೇ ರಸ್ತೆಯಲ್ಲಿ ಇನ್ನಷ್ಟು ಮುಂದೆ ಹೋದರೆ ಜಮೀನ್ದಾರರ ಹಳೆಯ ಪ್ರಾರ್ಥನಾಲಯದ ಪಾಳು ಗೋಡೆಗಳು. ಸಿಂಪಿ ಚಿಪ್ಪು ಸುಟ್ಟ ಸುಣ್ಣಕ್ಕೆ ಮರಳು, ಇಡೀ ಚಿಪ್ಪುಗಳನ್ನು ಬೆರೆಸಿ ಎತ್ತಿದ ಗೋಡೆ. ಹತ್ತಿರ ಹೋದರೆ ಒಂದೊಂದು ಚಿಪ್ಪೂ ಕಾಣುತ್ತದೆ. ಫೋಟೊಗಳಲ್ಲಿ ಬಹಳ ಚಂದ. ನನಗೇನೋ ಅದಕ್ಕಿಂತ ದ್ವೀಪದಲ್ಲಿ ಉಳಿದಿರುವ 'ಪ್ರೇಯ್ಸ್ ಹೌಸ್'ಗಳೇ ಮುಖ್ಯ.

ಪ್ರೇಯ್ಸ್ ಹೌಸ್ ಎಂದರೆ ಭಜನೆಯ ಮನೆ. ಒಂದು ಕೋಣೆಯಷ್ಟೇ ದೊಡ್ಡದಾದ ಮರದ ಕಟ್ಟಡ, ಒಳಗೆ ಕೆಲವು ಬೆಂಚು. ಕಾಫಿನ್ ಪಾಯಿಂಟ್‌ನದ್ದೂ ಸೇರಿ ಇಂಥವು ಕೆಲವೇ ಉಳಿದಿವೆ. 1739ರ ಸ್ಟೋನೊ ದಂಗೆಯ ನಂತರ ಬಂದ ಕಾನೂನು ಗುಲಾಮರಿಗೆ ಡೋಲು ಬಾರಿಸುವುದನ್ನು ನಿಷೇಧಿಸಿತ್ತು. ಡೋಲು ಹೋದರೆ ಏನಂತೆ, ಹಲಗೆಯ ನೆಲವೇ ಡೋಲಾಯಿತು. 'ರಿಂಗ್ ಶೌಟ್' ಎಂಬ ಪ್ರಾರ್ಥನೆಯಲ್ಲಿ ಎಲ್ಲರೂ ವೃತ್ತವಾಗಿ, ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ, ಕಾಲು ಎತ್ತದೆ ನೆಲಕ್ಕೆ ಉಜ್ಜುತ್ತಾ ಸಾಗುತ್ತಾರೆ. ಒಬ್ಬ ಕೋಲಿನಿಂದ ನೆಲ ಕುಟ್ಟಿ ತಾಳ ಹಿಡಿಯುತ್ತಾನೆ. ಕಾಲಿಗೆ ಕಾಲು ಅಡ್ಡ ಹಾಕಿದರೆ ಅದು ಕುಣಿತವಾಗುತ್ತದೆ, ಪಾಪ. ಭಜನೆಯಷ್ಟೇ ಅಲ್ಲ, ಹಿಂದೆ ನ್ಯಾಯ ತೀರ್ಮಾನವೂ ಇಲ್ಲೇ ಆಗುತ್ತಿತ್ತು. ಬೇಲಿ ಜಗಳ, ಗಂಡ-ಹೆಂಡಿರ ಜಗಳ ಮೊದಲು ಇಲ್ಲಿಗೇ ಬರಬೇಕಿತ್ತು, ನೆಟ್ಟಗೆ ಕೋರ್ಟಿಗೆ ಹೋಗುವಂತಿರಲಿಲ್ಲ. ಈ ದ್ವೀಪವನ್ನು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ಪ್ಯಾಟ್ರಿಷಿಯಾ ಗತ್ರಿ ಇನ್ನೊಂದು ಸಂಗತಿಯನ್ನು ಗುರುತಿಸಿದ್ದಾರೆ. ಒಬ್ಬರು ಯಾವ ತೋಟಕ್ಕೆ ಸೇರಿದವರು ಎಂಬುದು ಹುಟ್ಟಿದ ಜಾಗದಿಂದ ನಿರ್ಧಾರವಾಗುವುದಿಲ್ಲ. ಬಾಲ್ಯದಲ್ಲಿ ಎಲ್ಲಿ ಬುದ್ಧಿ ಬಲಿಯಿತೋ ಆ ಜಾಗಕ್ಕೆ ಸೇರಿದವರು. ಅವರ ಮಾತಿನಲ್ಲಿ ಅದು ಬುದ್ಧಿ 'ಹಿಡಿದ' ಜಾಗ. ಯಾವ ಪ್ರೇಯ್ಸ್ ಹೌಸಿನ ಸದಸ್ಯತ್ವ, ಯಾರು ನಮ್ಮವರು ಎಂಬುದೆಲ್ಲ ಅದರ ಮೇಲೆ. ಯಜಮಾನರು ಇಟ್ಟ ತೋಟದ ಹೆಸರುಗಳನ್ನು ಈ ಜನ ಹೀಗೆ ತಮ್ಮ ಕುಲದ ಹೆಸರಿನಂತೆ ಮಾಡಿಕೊಂಡರು.

ಮಾತಿನ ಕಥೆಯೂ ಹೀಗೆಯೇ. ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಪಂಡಿತರಿಗೆ ಗಲ್ಲಾ ಎಂದರೆ ಕೆಟ್ಟ ಇಂಗ್ಲಿಷು, ಸೋಮಾರಿ ನಾಲಿಗೆಯ ತೊದಲು. 1929ರ ಬೇಸಿಗೆಯಲ್ಲಿ ದಕ್ಷಿಣ ಕೆರೊಲಿನಾದ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದ ಲೊರೆಂಜೊ ಡೌ ಟರ್ನರ್ ಎಂಬ ಕಪ್ಪು ವಿದ್ವಾಂಸನಿಗೆ ಇಬ್ಬರು ವಿದ್ಯಾರ್ಥಿಗಳ ಮಾತು ಕಿವಿಗೆ ಬಿತ್ತು. ಅಲ್ಲಿಂದ ಮುಂದೆ ಆತ ದ್ವೀಪಗಳಲ್ಲಿ ಅಲೆದು, ಭಾರವಾದ ಧ್ವನಿಮುದ್ರಣ ಯಂತ್ರ ಹೊತ್ತು, ಆಫ್ರಿಕನ್ ಭಾಷೆಗಳನ್ನು ಕಲಿತು, 1949ರಲ್ಲಿ 'ಆಫ್ರಿಕನಿಸಮ್ಸ್ ಇನ್ ದ ಗಲ್ಲಾ ಡಯಲೆಕ್ಟ್' ಪ್ರಕಟಿಸಿದ. ತಿನ್ನುವುದಕ್ಕೆ 'ನ್ಯಾಮ್', ಆಮೆಗೆ 'ಕೂಟರ್', ಬಿಳಿಯನಿಗೆ 'ಬಕ್ರಾ'; ಇಂಥ ಸಾವಿರಾರು ಪದಗಳ ಮೂಲ ಆಫ್ರಿಕಾದಲ್ಲಿ ಸಿಕ್ಕಿತು. ಅವುಗಳಲ್ಲಿ ಹೆಚ್ಚಿನವು ಮನೆಯೊಳಗೆ ಮಾತ್ರ ಕರೆಯುವ ಹೆಸರುಗಳು. ಶಾಲೆಯ ದಾಖಲೆಗೆ ಒಂದು ಹೆಸರು, ಮನೆಯಲ್ಲಿ ಕರೆಯಲು ಇನ್ನೊಂದು ಎನ್ನುವುದು ನಮಗೆ ವಿವರಿಸಬೇಕಾದ ಸಂಗತಿಯಲ್ಲ. ಹಿಂದಿನ ಪಂಡಿತರು ಕೇಳಿದ್ದು ದಾಖಲೆಯ ಹೆಸರನ್ನು. ಟರ್ನರ್‌ಗೆ ಮನೆಯೊಳಗೆ ಪ್ರವೇಶ ಸಿಕ್ಕಿತು.

ಟರ್ನರ್ 1930ರ ದಶಕದ ಆರಂಭದಲ್ಲಿ ಜಾರ್ಜಿಯಾ ಕರಾವಳಿಯ ಹ್ಯಾರಿಸ್ ನೆಕ್ ಎಂಬ ಊರಿನಲ್ಲಿ ಅಮೀಲಿಯಾ ಡಾಲಿ ಎಂಬ ಹೆಂಗಸು ಹಾಡಿದ ಕಿರು ಹಾಡೊಂದನ್ನು ಮುದ್ರಿಸಿಕೊಂಡಿದ್ದ. ಅದರ ಅರ್ಥ ಆಕೆಗೂ ಗೊತ್ತಿರಲಿಲ್ಲ. ಅದು ಸಿಯೆರಾ ಲಿಯೋನಿನ ಮೆಂಡೆ ಭಾಷೆ. ಜೋಸೆಫ್ ಒಪಾಲಾ, ಸಿಂಥಿಯಾ ಶ್ಮಿಟ್, ತಾಜಿಯೆಫ್ ಕೊರೊಮಾ ಎಂಬ ಸಂಶೋಧಕರು ಹಲವು ದಶಕಗಳ ನಂತರ ಅದರ ಜಾಡು ಹಿಡಿದು ಹೋದಾಗ ಸೆನೆಹುನ್ ಎನ್‌ಗೋಲಾ ಎಂಬ ಹಳ್ಳಿಯಲ್ಲಿ ಬೆಂಡು ಜಬಾಟಿ ಎಂಬಾಕೆ ಅದೇ ಹಾಡನ್ನು ಬಲ್ಲವಳಾಗಿದ್ದಳು. ಅದು ಸಾವಿನ ವಿಧಿಯಲ್ಲಿ ಹೆಂಗಸರು ಹೇಳುವ ಹಾಡು. 1997ರಲ್ಲಿ ಅಮೀಲಿಯಾಳ ಮಗಳು ಮೇರಿ ಮೊರಾನ್ ಆ ಹಳ್ಳಿಗೆ ಹೋದಳು. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಕಣ್ಣು ತುಂಬಿ ಬರುವ ಕಥೆ. ಆದರೆ ಹಾಡು ಉಳಿಸಿಕೊಂಡ ಹ್ಯಾರಿಸ್ ನೆಕ್ ಏನಾಯಿತು? 1942ರಲ್ಲಿ ಸರ್ಕಾರ ವಿಮಾನ ನೆಲೆಗೆಂದು ಆ ಊರಿನ ನೆಲ ವಶಪಡಿಸಿಕೊಂಡು ಕಪ್ಪು ಕುಟುಂಬಗಳನ್ನು ಎಬ್ಬಿಸಿತು. ಇಂದು ಅದು ವನ್ಯಜೀವಿ ಧಾಮ. ಹಾಡಿಗೆ ಸಾಗರದಾಚೆ ವಿಳಾಸ ಸಿಕ್ಕಿತು, ಈಚೆಯ ವಿಳಾಸ ಇಲ್ಲವಾಗಿತ್ತು.

ನೆಲ ಹೋದ ಮೇಲೆ ನಡಿಗೆ ಹೇಗಿರುತ್ತದೆ ಎಂದು ನೋಡಲು ಜಾರ್ಜಿಯಾದವರೆಗೆ ಹೋಗಬೇಕಿಲ್ಲ, ಸೇಂಟ್ ಹೆಲೆನಾದ ನೆರೆಯ ಹಿಲ್ಟನ್ ಹೆಡ್ ದ್ವೀಪ ಸಾಕು. ಅಲ್ಲಿ 1862ರಲ್ಲಿ ಜನರಲ್ ಮಿಚೆಲ್ ಬಿಡುಗಡೆಯಾದವರಿಗಾಗಿ ಊರೊಂದನ್ನು ಕಟ್ಟಿಸಿದ. ಮಿಚೆಲ್‌ವಿಲ್ ಎಂಬ ಆ ಊರಿನವರು ತಾವೇ ಅಧಿಕಾರಿಗಳನ್ನು ಆರಿಸಿ, ಮಕ್ಕಳು ಶಾಲೆಗೆ ಹೋಗುವುದು ಕಡ್ಡಾಯ ಎಂದು ಕಾಯ್ದೆ ಮಾಡಿಕೊಂಡಿದ್ದರು. ಇಂದು ಅಲ್ಲಿ ಸ್ಮಾರಕ ಉದ್ಯಾನವಿದೆ, ಮಾರ್ಗದರ್ಶಿಗಳಿದ್ದಾರೆ, ಒಳ್ಳೆಯ ಕೆಲಸವೂ ನಡೆಯುತ್ತಿದೆ. ಆದರೆ ತೋರಿಸಲು ಮನೆಗಳಿಲ್ಲ. 1956ರಲ್ಲಿ ಸೇತುವೆ ಬಂತು, ಹಿಂದೆಯೇ ರೆಸಾರ್ಟು, ಗಾಲ್ಫ್ ಮೈದಾನ, ಗೇಟು ಹಾಕಿದ ಬಡಾವಣೆಗಳು. ಆ ಬಡಾವಣೆಗಳಿಗೆ ಹಿಲ್ಟನ್ ಹೆಡ್ ಪ್ಲಾಂಟೇಶನ್, ಪೋರ್ಟ್ ರಾಯಲ್ ಪ್ಲಾಂಟೇಶನ್ ಎಂದು ಹೆಸರು. ಒಂದು ದ್ವೀಪದಲ್ಲಿ ನೆಂಟಸ್ತಿಕೆಯ ಗುರುತಾದ 'ಪ್ಲಾಂಟೇಶನ್' ಎಂಬ ಪದ ಇನ್ನೊಂದರಲ್ಲಿ ಸಿರಿವಂತಿಕೆಯ ಬೋರ್ಡಾಯಿತು. ಗಲ್ಲಾಗಳು ಹೆಣ ಹೂಳುವುದು ನೀರಿನ ಹತ್ತಿರ, ಆತ್ಮ ನೀರಿನ ಮೇಲೆ ಆಫ್ರಿಕಾಕ್ಕೆ ಮರಳಲಿ ಎಂಬ ನಂಬಿಕೆಯಿಂದ. ನೀರಿನ ಹತ್ತಿರದ ನೆಲಕ್ಕೇ ಈಗ ಬೆಲೆ. ಹೀಗಾಗಿ ಕೆಲವು ಸ್ಮಶಾನಗಳು ಗೇಟಿನೊಳಗೆ ಸೇರಿಕೊಂಡಿವೆ. ಅಜ್ಜಿಯ ಸಮಾಧಿ ನೋಡಲು ಕಾವಲುಗಾರನಿಂದ ಪಾಸು ಪಡೆಯಬೇಕು.

ನೆಲ ಕೈಬಿಟ್ಟದ್ದು ಎಲ್ಲ ಕಡೆ ಬಲವಂತದಿಂದಲ್ಲ. ವಿಲ್ ಬರೆಯದೆ ಸತ್ತ ಅಜ್ಜನ ಹತ್ತು ಎಕರೆ ಮಕ್ಕಳು ಮೊಮ್ಮಕ್ಕಳೆಲ್ಲರ ಜಂಟಿ ಆಸ್ತಿಯಾಗಿ ಉಳಿಯುತ್ತದೆ. ಅದಕ್ಕೆ ಅಲ್ಲಿ 'ಏರ್ಸ್ ಪ್ರಾಪರ್ಟಿ' ಎನ್ನುತ್ತಾರೆ. ಪಾಲುಪಟ್ಟಿಯಾಗದ ಪಿತ್ರಾರ್ಜಿತ ಜಮೀನಿನ ಗೋಜಲು ನಮ್ಮ ಓದುಗರಿಗೆ ಹೊಸದಲ್ಲ. ಮೂರು ತಲೆಮಾರಿನ ನಂತರ ನ್ಯೂಯಾರ್ಕಿನಲ್ಲಿರುವ, ದ್ವೀಪ ನೋಡದ ಒಬ್ಬ ವಾರಸುದಾರನ ಪಾಲನ್ನು ಕೊಂಡವನು ಕೋರ್ಟಿಗೆ ಹೋದರೆ ಇಡೀ ಜಮೀನು ಹರಾಜಿಗೆ ಬರಬಹುದಿತ್ತು. ಉಳಿದ ವಾರಸುದಾರರಿಗೆ ಆ ಪಾಲನ್ನು ಮೊದಲು ಕೊಳ್ಳುವ ಅವಕಾಶ ಕೊಡುವ ಕಾನೂನು ದಕ್ಷಿಣ ಕೆರೊಲಿನಾದಲ್ಲಿ ಬಂದದ್ದು 2016ರಲ್ಲಿ. 2015ರಲ್ಲಿ ಚಾರ್ಲ್ಸ್‌ಟನ್ನಿನ ಚರ್ಚಿನಲ್ಲಿ ಕೊಲೆಯಾದ ಪಾದ್ರಿ, ಸೆನೆಟರ್ ಕ್ಲೆಮೆಂಟಾ ಪಿಂಕ್ನಿಯ ಹೆಸರು ಆ ಕಾನೂನಿಗಿದೆ.

ಸೇಂಟ್ ಹೆಲೆನಾದವರು ಹಿಲ್ಟನ್ ಹೆಡ್ ನೋಡಿ ಪಾಠ ಕಲಿತರು. 1999ರಲ್ಲಿ ಅವರ ಕೌಂಟಿ ದ್ವೀಪಕ್ಕೆ ಸಂಸ್ಕೃತಿ ರಕ್ಷಣೆಯ ವಲಯ ನಿಯಮ ತಂದಿತು: ಗೇಟು ಹಾಕಿದ ಬಡಾವಣೆ ಇಲ್ಲ, ರೆಸಾರ್ಟ್ ಇಲ್ಲ, ಗಾಲ್ಫ್ ಮೈದಾನ ಇಲ್ಲ. 2023ರಲ್ಲಿ ಗಾಲ್ಫ್ ಮೈದಾನದ ಯೋಜನೆಯೊಂದು ಬಂದಾಗ ಜನ ಸಭೆಗಳಿಗೆ ನುಗ್ಗಿ ಮಾತಾಡಿದರು, ಕೌಂಟಿ ಮಂಡಳಿ ನಿಯಮವನ್ನು ಉಳಿಸಿಕೊಂಡಿತು. ಗೇಟು ಬಂದಲ್ಲಿ ನಡಿಗೆ ನಿಲ್ಲುತ್ತದೆ ಎಂಬ ಸರಳ ಸತ್ಯ ಈ ನಿಯಮದ ಹಿಂದಿದೆ.

ಮಾರ್ಗದರ್ಶಿಯ ಇಕ್ಕಟ್ಟು ಇಷ್ಟಕ್ಕೇ ಮುಗಿಯುವುದಿಲ್ಲ. ಅವರಲ್ಲಿ ಅನೇಕರು ಗಲ್ಲಾ ಮನೆತನಗಳವರೇ. ಕೇಳಲು ಬರುವವರು ಇದ್ದರೆ ಮನೆಗೆ ಆದಾಯ, ಮಕ್ಕಳಿಗೆ ತಮ್ಮ ಮಾತಿನ ಬಗ್ಗೆ ಗೌರವ. ಆದರೆ ಅದೇ ಸೇತುವೆಯ ಮೇಲೆ, ಅದೇ ಓಕ್ ಮರದ ನೆರಳನ್ನು ಮೆಚ್ಚಿಕೊಂಡು, ಮನೆ ಕಟ್ಟಲು ಜಾಗ ಹುಡುಕುವವರೂ ಬರುತ್ತಾರೆ. ಸುತ್ತಲಿನ ಜಮೀನಿನ ಬೆಲೆ ಏರಿದರೆ ಅಜ್ಜನ ಹತ್ತು ಎಕರೆಯ ತೆರಿಗೆಯೂ ಏರುತ್ತದೆ. ಕಟ್ಟಲಾಗದವರ ಜಮೀನುಗಳ ಪಟ್ಟಿಯನ್ನು ಕೌಂಟಿ ಪ್ರತಿ ವರ್ಷ ಪ್ರಕಟಿಸಿ ಹರಾಜು ಹಾಕುತ್ತದೆ. 1863ರಲ್ಲಿ ಈ ಜನರ ಕೈಗೆ ನೆಲ ಬಂದದ್ದು ತೆರಿಗೆ ಹರಾಜಿನಿಂದ. ಈಗ ಹೋಗುವುದೂ ಅದೇ ದಾರಿಯಿಂದ. ಹರಾಜಿನ ದಿನಕ್ಕೆ ಮುಂಚೆ ಚಂದಾ ಎತ್ತಿ ನೆರೆಯವರ ಬಾಕಿ ಕಟ್ಟಿ ಬರುವವರು ಅಲ್ಲಿದ್ದಾರೆ. ಅವರು ಹೋಗಿ ನಿಲ್ಲುವುದು ಬ್ಯೂಫರ್ಟ್ ಪಟ್ಟಣದ ತೆರಿಗೆ ಕಚೇರಿಯ ಕೌಂಟರಿನ ಮುಂದೆ. ಆ ಕೌಂಟರು ಯಾವ ನಡಿಗೆಯ ನಕ್ಷೆಯಲ್ಲೂ ಇರುವುದಿಲ್ಲ.